ನಲವತ್ತು ದಾಟಿದ ಮೇಲೆ ಅಮೆರಿಕದಲ್ಲಿ ನರ್ಸ್ ಆಗಬೇಕೆಂದರೆ

ಅಮೆರಿಕದಲ್ಲಿ ನರ್ಸಿಂಗ್ ಓದಲು ವಯಸ್ಸು ಅಡ್ಡ ಬರುವುದಿಲ್ಲ. ತೊಡಕಾಗುವುದು ವೀಸಾ ಮತ್ತು ಹಳೆಯ ಅಂಕಪಟ್ಟಿ.

ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಇರುವವರ ಗಂಡ ಅಥವಾ ಹೆಂಡತಿಗೆ ಸಿಗುವುದು ಎಚ್-4 ವೀಸಾ. ಅದರಲ್ಲಿ ಇರುವವರು ಓದಬಹುದು, ಆದರೆ ಇಎಡಿ (ಕೆಲಸದ ಪರವಾನಗಿ) ಇಲ್ಲದೆ ದುಡಿಯುವ ಹಾಗಿಲ್ಲ. ಇಎಡಿ ಸಿಗುವುದು ಸಾಮಾನ್ಯವಾಗಿ ಗಂಡನ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾದ ಮೇಲೆ. ಪಾಸಾದರೆ ಆಸ್ಪತ್ರೆಯೇ ಎಚ್-1ಬಿ ಮಾಡಿಸುತ್ತದೆ ಅಂತ ನಂಬಿ ಕೂರಬೇಡಿ. ಪದವಿ ಇಲ್ಲದೆ ಮಾಡಲಾಗದ ಕೆಲಸಕ್ಕೆ ಆ ವೀಸಾ. ಎರಡು ವರ್ಷ ಓದಿದವರೂ ವಾರ್ಡಿನಲ್ಲಿ ನರ್ಸ್ ಆಗಬಹುದಾದ್ದರಿಂದ ಈ ಕೆಲಸಕ್ಕೆ ಅದು ಸಿಗುವುದು ಅಪರೂಪ. ಕೆಲಸದ ಪರವಾನಗಿ ಯಾವಾಗ ಕೈಗೆ ಬರುತ್ತದೆ ಅನ್ನುವ ಅಂದಾಜು ಸಿಕ್ಕ ಮೇಲೆ ಫೀಸು ಕಟ್ಟಿ.

ನಿಮ್ಮ ಬಿಕಾಂ, ಬಿಇ ದಂಡವಾಗುವುದಿಲ್ಲ. ಅಂಕಪಟ್ಟಿಗೆ ಡಬ್ಲ್ಯುಇಎಸ್‌ನಂಥ, ಹೊರದೇಶದ ಪದವಿ ಅಳೆಯುವ ಸಂಸ್ಥೆಯಲ್ಲಿ ವಿಷಯವಾರು ಮೌಲ್ಯಮಾಪನ ಮಾಡಿಸಿ, ಅದು ಅಮೆರಿಕದ ಪದವಿಗೆ ಸಮ ಅಂತ ಬಂದರೆ, ಬೇರೆ ಪದವಿ ಇರುವವರಿಗೆಂದೇ ಇರುವ, ಬೇಗ ಮುಗಿಯುವ ನರ್ಸಿಂಗ್ ಪದವಿ ಆಕ್ಸಲರೇಟೆಡ್ ಬಿಎಸ್‌ಎನ್‌ಗೆ ಅರ್ಜಿ ಹಾಕಬಹುದು. ಬಹುತೇಕ ಕಡೆ 12ರಿಂದ 18 ತಿಂಗಳು. ಆದರೆ ಅನಾಟಮಿ-ಫಿಸಿಯಾಲಜಿ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಇವನ್ನೆಲ್ಲ ಮೊದಲೇ ಮುಗಿಸಿರಬೇಕು. ಪಿಯುಸಿಯಲ್ಲಿ ಬಯಾಲಜಿ ಇತ್ತಲ್ವಾ ಅಂದರೆ ನಡೆಯಲ್ಲ. ಡಿಗ್ರಿಯಲ್ಲಿ ಓದಿದ್ದರೂ ಐದಾರು ವರ್ಷ ಹಳೆಯದಾದರೆ ಎಷ್ಟೋ ಕಾಲೇಜುಗಳು ಒಪ್ಪುವುದಿಲ್ಲ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಕೋರ್ಸುಗಳ ಸರ್ಕಾರಿ ಕಾಲೇಜು) ಕಡಿಮೆ ಖರ್ಚಿಗೆ ಮುಗಿಸಿಕೊಳ್ಳಿ.

ನನ್ನನ್ನು ಕೇಳಿದರೆ, ಸಾಲ ಮಾಡಿ ಖಾಸಗಿ ಕಾಲೇಜಿಗೆ ಓಡುವ ಬದಲು ಅದೇ ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ನರ್ಸಿಂಗ್ ಕೋರ್ಸ್ ಎಡಿಎನ್ ವಾಸಿ. ಯಾವ ದಾರಿಯಲ್ಲಿ ಹೋದರೂ ಕೊನೆಗೆ ಬರೆಯುವುದು ನರ್ಸ್ ಲೈಸೆನ್ಸಿನ ಪರೀಕ್ಷೆಯಾದ ಎನ್‌ಕ್ಲೆಕ್ಸ್-ಆರ್‌ಎನ್ ಅನ್ನೇ. ದೊಡ್ಡ ಆಸ್ಪತ್ರೆಗಳು ಬಿಎಸ್‌ಎನ್ ಕೇಳುವುದು ನಿಜ. ಅದನ್ನು ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಮುಗಿಸಬಹುದು, ಎಷ್ಟೋ ಆಸ್ಪತ್ರೆಗಳು ಫೀಸಿನಲ್ಲಿ ಒಂದು ಪಾಲು ಕೊಡುತ್ತವೆ. ಸೀಟಿಗಾಗಿ ಕಾಯಬೇಕಾಗಬಹುದು, ಅಷ್ಟೇ. ಕಾಲೇಜಿಗೆ ರಾಜ್ಯದ ನರ್ಸಿಂಗ್ ಬೋರ್ಡಿನ ಒಪ್ಪಿಗೆ ಇದೆಯಾ, ಎನ್‌ಕ್ಲೆಕ್ಸ್‌ನಲ್ಲಿ ಅಲ್ಲಿನವರು ಎಷ್ಟು ಜನ ಪಾಸಾಗುತ್ತಾರೆ, ನೋಡಿಕೊಳ್ಳಿ.

ಈ ಕೆಲಸ ನಿಮಗೆ ಒಗ್ಗುತ್ತದಾ ಅಂತ ಅನುಮಾನ ಇದ್ದರೆ ಮೊದಲು ನರ್ಸ್ ಸಹಾಯಕರಿಗಿರುವ ಸಿಎನ್‌ಎ ತರಬೇತಿ ಮಾಡಿ. ಅಮೆರಿಕದ ಕೇಂದ್ರ ಸರ್ಕಾರದ ನಿಯಮದಂತೆ ಕನಿಷ್ಠ 75 ಗಂಟೆ, ಕೆಲವು ರಾಜ್ಯಗಳಲ್ಲಿ ಇನ್ನೂ ಜಾಸ್ತಿ. ಮೈ ಒರೆಸುವುದು, ಬೆಡ್‌ಪ್ಯಾನ್ ಕೊಡುವುದು, ಮಗ್ಗುಲು ತಿರುಗಿಸುವುದು ಎಲ್ಲ ಅಲ್ಲೇ ಗೊತ್ತಾಗುತ್ತದೆ. ಸೊಂಟ ತಡೆಯುತ್ತದಾ ಅನ್ನುವುದೂ.

ಇನ್ನೊಂದು. ಆಸ್ಪತ್ರೆಯಲ್ಲಿ ನಡೆಯುವ ತರಬೇತಿ, ಅಂದರೆ ಕ್ಲಿನಿಕಲ್ಸ್‌ಗೆ ಹೋಗುವ ಮೊದಲು ಟಿಬಿ ಪರೀಕ್ಷೆ ಕೇಳುತ್ತಾರೆ. ಚಿಕ್ಕಂದಿನಲ್ಲಿ ಟಿಬಿಯ ಲಸಿಕೆ ಬಿಸಿಜಿ ಹಾಕಿಸಿಕೊಂಡ ನಮ್ಮವರಿಗೆ ಟಿಬಿ ಇಲ್ಲದಿದ್ದರೂ ಚರ್ಮದ ಟೆಸ್ಟ್ ಪಾಸಿಟಿವ್ ಬರಬಹುದು. ರಕ್ತದ ಟೆಸ್ಟ್ ಮಾಡಿ ಅಂತ ನೀವೇ ಕೇಳಿ. ಬಿಸಿಜಿಯಿಂದ ಅದಕ್ಕೆ ಗೊಂದಲ ಆಗುವುದಿಲ್ಲ.