ಚಿತ್ರಾನ್ನದಲ್ಲಿ ಸಿಕ್ಕ ಕಲ್ಲು

ಇರ್ವಿನ್ ಕಾಬ್ ಹೆಸರು ನಮ್ ಕಡೆ ಯಾರೂ ಅಷ್ಟಾಗಿ ಕೇಳಿರಲ್ಲ. ಕೆಂಟಕಿಯ ಪಡೂಕಾ ಊರಿನವನು, 1876ರಲ್ಲಿ ಹುಟ್ಟಿದ್ದು, ಪೇಪರ್ ಕೆಲಸ ಮಾಡ್ಕೊಂಡೇ ನಗಿಸೋ ಬರಹಗಾರ ಆದ. 1914ರಲ್ಲಿ ಅವನ ಎರಡು ಪ್ರವಾಸದ ಪುಸ್ತಕ ಬಂದ್ವು. ಒಂದು ಅಮೆರಿಕದ ಪಶ್ಚಿಮದ ಕಡೆ ಸುತ್ತಿದ್ದು, ‘ರಫಿಂಗ್ ಇಟ್ ಡಿ ಲಕ್ಸ್’, ಅಂದ್ರೆ ಮಾರ್ಕ್ ಟ್ವೇನ್ 1872ರಲ್ಲಿ ಬರೆದ ‘ರಫಿಂಗ್ ಇಟ್’ ಹೆಸರಿಗೇ ಒಂದು ಕೊಕ್ಕೆ, ಕಷ್ಟ ಪಡೋದೇ, ಆದ್ರೆ ಫಸ್ಟ್ ಕ್ಲಾಸಲ್ಲಿ. ಇನ್ನೊಂದು ‘ಯುರೋಪ್ ರಿವೈಸ್ಡ್’. ಈ ಎರಡನೇದರ ಒಂದಷ್ಟು ಭಾಗ ಅಪ್ಪನಿಗೆ ಓದಿ ಹೇಳೋಕೆ ಅಂತ ಕನ್ನಡ ಮಾಡ್ದೆ.

ಮೊದಲನೇ ಸಲ ಸಾಲಿಗೆ ಸಾಲು ಇಳಿಸಿ ಓದಿದೆ. ಅಪ್ಪ ಪೂರ್ತಿ ಕೇಳಿ, "ತಮಾಷೆ ಎಲ್ಲಿ ಬರುತ್ತೆ ಹೇಳೋ, ನಗ್ತೀನಿ" ಅಂದ್ರು.

ಎಡವಟ್ಟು ಆಗಿದ್ದು ಇಲ್ಲಿ. ಕಾಬ್ ಉದ್ದಕ್ಕೆ ಪೇರಿಸ್ಕೊಂಡು ಹೋಗಿ ಬಾಲದಲ್ಲಿ ಚುಚ್ತಾನೆ, ನಮ್ಮಲ್ಲಿ ‘ಮಾಡಿದಂಥ, ಹೋದಂಥ’ ಎಲ್ಲಾ ಮುಂದೆ ಬಂದು ಕ್ರಿಯಾಪದ ಕೊನೆಗೆ ಕೂತ್ಕೊಳ್ಳೋದ್ರಿಂದ ಚುಚ್ಚೋ ಮಾತು ಮಧ್ಯದಲ್ಲೇ ಬಿದ್ದು ಹೋಗುತ್ತೆ, ಆಮೇಲೆ ಒಂದು ಸಪ್ಪೆ ‘ಆಗಿತ್ತು’ ಉಳಿಯುತ್ತೆ. ಅದಕ್ಕೆ ಒಂದು ವಾಕ್ಯನ ನಾಲ್ಕು ಮಾಡಿ, ಜೋರಾಗಿ ಓದಿ, ಕೊನೇ ಪದ ಕಚಗುಳಿ ಇಡೋ ತನಕ ತಿದ್ದಿದೆ. ಧಾಟಿ ಸಿಗ್ಲಿ ಅಂತ ‘ಅಮೆರಿಕಾದಲ್ಲಿ ಗೊರೂರು’ ಇನ್ನೊಂದ್ಸಲ ಓದಿದ್ದು ತುಂಬಾ ಹೆಲ್ಪ್ ಆಯ್ತು.

ಕೆಲವು ಕಡೆ ಬೇರೆ ದೇಶದವರ ಮೇಲೆ, ಬೇರೆ ಬಣ್ಣದವರ ಮೇಲೆ ಮಾಡಿರೋ ಜೋಕು ಈಗ ಓದಿದ್ರೆ ಬರೀ ಕೊಂಕು. ಅವನ್ನ ಬಿಟ್ಟೆ, ನನಗೇನೂ ಬೇಜಾರಿಲ್ಲ.

ಜಾಸ್ತಿ ಕಾಡಿದ್ದು ಪುಸ್ತಕದ ಶುರುವಲ್ಲಿರೋ ಒಂದು ಪುಟ್ಟ ಟಿಪ್ಪಣಿ. ಚಿತ್ರ ಬರೆದವನು ಜಾನ್ ಮೆಕಚನ್. 81ನೇ ಪುಟದಲ್ಲಿ ಕಾಬ್ ತಲೆಕೆಳಗಾಗಿ ಜರ್ಮನ್ ಗರಿಹಾಸಿಗೆಗೆ ಹಾರೋ ಚಿತ್ರ ಇದೆ, ನಾನು ಅದಕ್ಕಿಂತ ಚೆನ್ನಾಗಿದೀನಿ, ದಯವಿಟ್ಟು ಅದನ್ನ ನೋಡ್ಬೇಡಿ ಅಂತ ಬೇಡ್ಕೋತಾನೆ ಪುಣ್ಯಾತ್ಮ, ಆಮೇಲೆ ಮೆಕಚನ್‌ಗೆ ಇದೊಂದೇ ಕಳಂಕ ಅಂತಾನೆ. ಇಂಗ್ಲಿಷಲ್ಲಿ ‘ಎಸ್ಕಚನ್’ ಅಂದ್ರೆ ಮನೆತನದ ಲಾಂಛನ, ಅದಕ್ಕೆ ಮಸಿ ಬಿತ್ತು ಅಂದ್ರೆ ವಂಶಕ್ಕೆ ಕಳಂಕ, ಎಸ್ಕಚನ್ ಜಾಗದಲ್ಲಿ ಮೆಕಚನ್ ಕೂರಿಸಿದಾನೆ ಅಷ್ಟೇ. ಕನ್ನಡದಲ್ಲಿ ಇದನ್ನ ಏನ್ ಮಾಡೋದು? ಅಡಿಟಿಪ್ಪಣಿ ಹಾಕಿದ್ರೆ ಜೋಕು ಸತ್ತ ಹಾಗೇ. ಒಂದು ವಾರ ಒದ್ದಾಡಿದೆ. ಒಂದಿನ ಬೆಳಗ್ಗೆ ತಿಂಡಿ ತಿನ್ನೋವಾಗ ಹಲ್ಲಿಗೆ ಕಟಕ್ ಅಂತು, ತಕ್ಷಣ ಎದ್ದು ಬರೆದೆ: "ಮೆಕಚನ್ ಬಡಿಸಿದ ಚಿತ್ರಾನ್ನದಲ್ಲಿ ಇದೊಂದೇ ಕಲ್ಲು."

ಮೂಲಕ್ಕೆ ದ್ರೋಹ ಅನ್ನೋರು ಅನ್ಲಿ. ಸಂಜೆ ಅಪ್ಪನಿಗೆ ಓದಿದೆ. ನಕ್ಕು ಕನ್ನಡಕ ಒರೆಸ್ಕೊಂಡು ಕೈ ಚಾಚಿದ್ರು, "ಎಲ್ಲಿ, ಆ 81ನೇ ಪುಟ ತೆಗಿ." ನನ್ನ ಹತ್ರ ಇದ್ದಿದ್ದು ಚಿತ್ರಾನೇ ಇಲ್ಲದ ಟೆಕ್ಸ್ಟ್ ಫೈಲು.