ಬರೆಯ ಕೆಳಗಿನ 22 ಸೆಂಟ್ ಜಾಗ

ಮಡಿಕೇರಿಯಲ್ಲಿ ನಮ್ಮ ಬೀದಿಯ ತುದಿಗೆ 22 ಸೆಂಟ್ ಜಾಗ ಖಾಲಿ ಬಿದ್ದಿತ್ತು. ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಮುಂದೆ ರಸ್ತೆ, ನಡುವೆ ಒಂದು ಹಲಸಿನ ಮರ. ಅಲ್ಲಿ ಪಾರ್ಕ್ ಮಾಡ್ತಾರಂತೆ, ಜನರ ಅಭಿಪ್ರಾಯ ಬರೆದು ಕೊಡಬೇಕಂತೆ ಎಂಬ ಸುದ್ದಿ ನಮ್ಮ ಸಂಘಕ್ಕೆ ಬಂತು. ರಿಟೈರ್ ಆದ ಟೀಚರ್‌ಗೆ ಬೇರೇನು ಕೆಲಸ ಅನ್ನುವ ಹಾಗೆ ಎಲ್ಲರೂ ನನ್ನ ಕಡೆ ನೋಡಿದರು.

ಮೊದಲು ಎಲ್ಲರೂ ಮಾಡುವ ಹಾಗೆ ಸಭೆ ಕರೆದೆ. ಭಾನುವಾರ ಸಂಜೆ, ಕಾಫಿ, ಬಿಸ್ಕತ್ತು. ಪಾರ್ಕಿನ ನಕ್ಷೆಯನ್ನು ಗೋಡೆಗೆ ಅಂಟಿಸಿದೆ. ಕಾರಂಜಿ, ಹುಲ್ಲುಹಾಸು, ಇಂಟರ್‌ಲಾಕ್ ಹಾಕಿದ ವಾಕಿಂಗ್ ದಾರಿ, ಸುತ್ತ ಕಾಂಪೌಂಡು. ಒಂದೂವರೆ ಗಂಟೆಯಲ್ಲಿ ಒಂದು ಗಂಟೆ ಕಾರು ನಿಲ್ಲಿಸುವ ಜಗಳಕ್ಕೇ ಹೋಯಿತು. ಹೋಂಸ್ಟೇಯವರಿಗೂ ಪಕ್ಕದ ಮನೆಯವರಿಗೂ ಅದು ಹಳೆಯ ಜಗಳ. ಒಬ್ಬರು ಅರ್ಧ ಜಾಗದಲ್ಲಿ ಸಮುದಾಯ ಭವನ ಕಟ್ಟಿ ಅಂದರು. ಬಂದ ಮೂವರು ಹೆಂಗಸರು ಬಾಯೇ ಬಿಡಲಿಲ್ಲ. ಮನೆಗೆ ಬಂದು ನೋಟ್‌ಬುಕ್ ತೆಗೆದರೆ ಬರೆಯುವಂಥದ್ದು ನಾಲ್ಕು ಸಾಲೂ ಇರಲಿಲ್ಲ. ಆಮೇಲೆ ಮನೆಮನೆಗೆ ಫಾರಂ ಹಂಚಿದೆ. ಅದರ ಕಥೆ ಬೇಡ ಬಿಡಿ.

ಕೊನೆಗೆ ಆ ಜಾಗದಲ್ಲೇ ಹೋಗಿ ನಿಂತೆ. ಒಂದು ದಿನ ಬೆಳಿಗ್ಗೆ ಏಳಕ್ಕೆ, ಒಂದು ದಿನ ಶಾಲೆ ಬಿಡುವ ಹೊತ್ತಿಗೆ, ಒಂದು ದಿನ ಕತ್ತಲಾಗುವಾಗ. "ಪಾರ್ಕಲ್ಲಿ ಏನು ಬೇಕು" ಎಂದು ಕೇಳುವುದನ್ನು ಬಿಟ್ಟೆ. ಹಾಗೆ ಕೇಳಿದರೆ ಜನ ಮೈಸೂರಿನಲ್ಲಿ ನೋಡಿದ್ದನ್ನು ಹೇಳುತ್ತಾರೆ. "ನೀವು ಈಗ ಇಲ್ಲಿ ಯಾಕೆ ಬರ್ತೀರಿ, ಏನು ತೊಂದರೆ" ಎಂದು ಕೇಳಿದೆ. ಕನ್ನಡದಲ್ಲಿ ಮಾತ್ರ ಅಲ್ಲ. ಕೊಡವ ತಕ್ಕ್, ಅರೆಭಾಷೆ, ನನ್ನ ಮುರುಕು ಮಲಯಾಳ, ಎಲ್ಲವೂ ಹೊರಗೆ ಬಂತು. ಅವರವರ ಭಾಷೆಯಲ್ಲಿ ಕೇಳಿದರೆ ದೂರು ಕೂಡ ಧಾರಾಳವಾಗಿ ಬರುತ್ತದೆ.

ಬೆಳಿಗ್ಗೆ ಸಿಕ್ಕಿದವರು ಲೈನ್ ಮನೆಯಿಂದ, ಅಂದರೆ ಕೂಲಿಯವರ ಸಾಲುಮನೆಯಿಂದ, ತೋಟದ ಕೆಲಸಕ್ಕೆ ಹೋಗುವ ಹೆಂಗಸರು. ಆ ಜಾಗ ಅವರಿಗೆ ಒಳದಾರಿ. "ಕಾಂಪೌಂಡ್ ಕಟ್ಟಿ ಬೀಗ ಹಾಕಿದರೆ ನಾವು ಸುತ್ತಿ ಹೋಗಬೇಕಲ್ಲ ಟೀಚರ್" ಅಂದರು. ನಕ್ಷೆಯಲ್ಲಿ ಆ ದಾರಿಯ ಗುರುತೇ ಇರಲಿಲ್ಲ.

ಪಕ್ಕದ ಅಜ್ಜಿ ಕೋಲೂರಿಕೊಂಡು ಬಂದು ಬರೆಯ ಬದಿ ತೋರಿಸಿದರು. ಅಲ್ಲಿ ಮದ್ದುಸೊಪ್ಪು ಬೆಳೆದಿತ್ತು. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಅರ್ಧ ಬೀದಿಯವರು ಪಾಯಸಕ್ಕೆ ಅಲ್ಲಿಂದಲೇ ಕೊಯ್ಯುವುದಂತೆ. ಆ ದಿನ ಅದರಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂಬ ನಂಬಿಕೆ. ನೇರಳೆ ಬಣ್ಣದ ಆ ಪಾಯಸ ತಿಂದವರು ಮಾರನೆಯ ದಿನ ಬಚ್ಚಲಲ್ಲಿ ಮೂತ್ರದ ಬಣ್ಣ ನೋಡಿ ಗಾಬರಿಯಾಗಬಾರದು, ಅಷ್ಟೇ. ನಕ್ಷೆಯ ಟಿಪ್ಪಣಿಯಲ್ಲಿ ಆ ಇಡೀ ಬದಿಗೆ "ಕಳೆ ತೆಗೆಯುವುದು" ಎಂದು ಬರೆದಿತ್ತು!

ಬರೆಯ ಮೇಲಿನ ಮನೆಯವರು ಸಭೆಗೆ ಬಂದಿರಲಿಲ್ಲ. ನಾನೇ ಮೆಟ್ಟಿಲು ಹತ್ತಿ ಹೋದೆ. ಅವರ ಹೆಂಡತಿಯ ತವರು ಮಕ್ಕಂದೂರು. 2018ರ ಆಗಸ್ಟ್‌ನಲ್ಲಿ ಆ ಕಡೆ ಗುಡ್ಡ ಜಾರಿದ್ದನ್ನು ಕಂಡವರು. "ಕಾರಂಜಿ ಬೇಕಾದರೆ ಹಾಕಿ, ಬರೆಗೆ ಜೆಸಿಬಿ ಮಾತ್ರ ಹಚ್ಚಬೇಡಿ" ಅಂದರು. ಹುಲ್ಲುಹಾಸಿಗೆ ಜಾಗ ಸಾಲದು ಎಂದು ಬರೆಯ ಬುಡ ಕಡಿದು ಮಟ್ಟ ಮಾಡುವ ಯೋಜನೆ ಇತ್ತು. ಇಂಥ ಮಾತಿಗೆ ಕೈ ಎತ್ತಿಸಿ ಓಟು ಹಾಕಿಸಲು ಬರುವುದಿಲ್ಲ. ಒಂದೇ ಮನೆಯವರು ಹೇಳಿದರೂ ಅದನ್ನೇ ಮೊದಲ ಸಾಲಿನಲ್ಲಿ ಬರೆದೆ.

ಇದೆಲ್ಲ ಫೆಬ್ರವರಿಯಲ್ಲಿ. ಸಾಕು ಅಂದುಕೊಂಡಿದ್ದೆ, ಫೈಲು ನಿಧಾನವಾಗಿದ್ದು ಒಳ್ಳೆಯದೇ ಆಯಿತು. ಜುಲೈನಲ್ಲಿ ಕೊಡೆ ಹಿಡಿದು ಮತ್ತೆ ಹೋದೆ. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಹೊಯ್ಯುವ ಊರು ನಮ್ಮದು. ಬಿಸಿಲಲ್ಲಿ ಕೇಳಿದಾಗ ಮಳೆಯ ಮಾತು ಒಬ್ಬರೂ ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ಕಾಲಿಗೆ ಇಂಬಳ (ಜಿಗಣೆ) ಹತ್ತಿತು. ರಸ್ತೆ ಬದಿಯ ಇಂಟರ್‌ಲಾಕ್ ಮೇಲೆ ಪಾಚಿ ಕಟ್ಟಿ ಜಾರುತ್ತಿತ್ತು. ಶಾಲೆಯ ಮಕ್ಕಳು ಬಸ್ಸಿಗೆ ಕಾಯುತ್ತಾ ಹಲಸಿನ ಮರದ ಕೆಳಗೆ ನೆನೆಯುತ್ತಿದ್ದರು. ಕಾರಂಜಿಯ ದುಡ್ಡಲ್ಲಿ ರಸ್ತೆ ಕಡೆಗೆ ಮಳೆಗೆ ನಿಲ್ಲಲು ಒಂದು ಮಾಡು (ಚಾವಣಿ), ಬೆಂಚು, ನೀರು ಹೋಗಲು ಸರಿಯಾದ ಚರಂಡಿ ಆಗಲಿ ಎಂದು ಸೇರಿಸಿದೆ.

ಬರೆದದ್ದು ಎರಡೇ ಪುಟ. ಜೊತೆಗೆ ಕೈಯಲ್ಲಿ ಬಿಡಿಸಿದ ನಕ್ಷೆ. "ಹೆಚ್ಚಿನವರ ಅಭಿಪ್ರಾಯ" ಎಂದು ಎಲ್ಲಿಯೂ ಬರೆಯಲಿಲ್ಲ. ಯಾವ ಹೊತ್ತಿನಲ್ಲಿ, ಎಂಥವರು, ಏನು ಹೇಳಿದರು ಅಷ್ಟೇ. ಸಮುದಾಯ ಭವನದವರಿಗೆ 1985ರ ಪಾರ್ಕ್ ಕಾಯ್ದೆ ತೋರಿಸಿದೆ. ಆ ಕಾಯ್ದೆಯ ಪಟ್ಟಿಗೆ ಸೇರಿದ ಪಾರ್ಕನ್ನು ಮೇಲಿನವರ ಅನುಮತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಹಾಗಾಗಿ ನಮ್ಮ ಜಾಗವನ್ನೂ ಪಟ್ಟಿಗೆ ಸೇರಿಸಿ ಎಂದು ಕೊನೆಯ ಸಾಲು ಬರೆದೆ. ಅವರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಕಾರಂಜಿ ಹೋಯಿತು, ಮಾಡು ಬಂತು. ಬರೆ ಮುಟ್ಟದೆ ಜಾಗವನ್ನು ಎರಡು ಹಂತ ಮಾಡಿದರು. ಒಳದಾರಿಗೆ ಗೇಟಿಲ್ಲ. ದೀಪ ಒಂದೇ ಹಾಕಿದ್ದಾರೆ, ಸಾಲದು. ಕ್ರಿಕೆಟ್ ಆಡುವ ಹುಡುಗರು ಚೆಂಡು ಕೆಳಗಿನ ಮನೆಯ ಅಂಗಳಕ್ಕೆ ಬೀಳದ ಹಾಗೆ ಒಂದು ಬಲೆ ಕೇಳಿದ್ದರು. ಅದಕ್ಕೆ ದುಡ್ಡಿಲ್ಲ ಅಂದರು. ಈಗ ನಾನು ಹಾಲು ತರಲು ಹೋದರೂ ಒಬ್ಬನಾದರೂ ಕೂಗುತ್ತಾನೆ, "ಟೀಚರ್, ಬಲೆ ಯಾವಾಗ?"