ಬೋರ್ ನೀರಿಗೆ ಫಿಲ್ಟರ್ ನೀರು: ಮೀನಿನ ಟ್ಯಾಂಕಿಗೆ ಎಷ್ಟಕ್ಕೆ ಎಷ್ಟು?

ಮಂಡ್ಯದಲ್ಲಿ ಮೀನು ಸಾಕಬೇಕು ಅಂತಿದ್ದರೆ ಮೊದಲು ನಿಮ್ಮ ಮನೆ ನೀರಲ್ಲಿ ಬೇಳೆ ಹೇಗೆ ಬೇಯುತ್ತೆ ನೋಡಿ. ಕುಕ್ಕರ್ ಎಷ್ಟು ಕೂಗಿದರೂ ತೊಗರಿಬೇಳೆ ಗಟ್ಟಿಯಾಗೇ ಉಳಿದರೆ, ಸೋಪು ನೊರೆ ಕಟ್ಟದಿದ್ದರೆ, ಬಕೆಟ್ಟಿನ ಒಳಗೆಲ್ಲ ಬಿಳಿ ಕರೆ ಕೂತಿದ್ದರೆ ಅದು ಗಡಸು ನೀರು. ನಾವಿರೋದು ಗುತ್ತಲು ಕಡೆ. ಸಂಪಿಗೆ ಕಾವೇರಿ ನೀರು ಬೀಳುತ್ತೆ, ಅದು ಸಾಲದೇ ಹೋದ ದಿನ ಬೋರ್ ನೀರೂ ಬೀಳುತ್ತೆ. ಹಾಗಾಗಿ ಮೊನ್ನೆ ಇದ್ದ ನೀರು ಇವತ್ತು ನಲ್ಲಿಯಲ್ಲಿ ಇರಲ್ಲ. ಫಿಲ್ಟರ್ ನೀರು ಬೆರೆಸೋ ಲೆಕ್ಕ ಬೇಕಾಗೋದು ಇಂಥ ಮನೆಗಳಿಗೇ.

ಬರೀ ಕಾವೇರಿ ನೀರು ಬರೋ ಮನೆಯವರು ಬಹುಪಾಲು ಮೀನಿಗೆ ಇಷ್ಟೆಲ್ಲ ಮಾಡಬೇಕಿಲ್ಲ, ಕ್ಲೋರಿನ್ ತೆಗೆದರೆ ಸಾಕು. ಗಪ್ಪಿ, ಮಾಲಿ, ಪ್ಲಾಟಿ ಸಾಕಿದವರಿಗೂ ಬೇಡ, ಅವಕ್ಕೆ ಗಡಸು ನೀರೇ ಒಗ್ಗುತ್ತೆ. ಏಂಜಲ್, ನಿಯಾನ್ ಟೆಟ್ರಾ, ಕಾರ್ಡಿನಲ್ ಟೆಟ್ರಾ ಇಟ್ಟವರು ಮಾತ್ರ ಯೋಚನೆ ಮಾಡಬೇಕು. ಅವುಗಳ ತವರು ಅಮೆಜಾನ್ ಸೀಮೆಯ ಮೆದು ನೀರು.

ನಮ್ಮ ಮಹಡಿ ಮನೆ ಹುಡುಗ ಒಂದು ಸಲ ಇಡೀ ಟ್ಯಾಂಕಿಗೆ, ಉಪ್ಪು ಸುಣ್ಣ ಬಹುಪಾಲು ಸೋಸಿ ತೆಗೆಯೋ ಫಿಲ್ಟರಿನ ಆರ್‌ಓ ನೀರು ತುಂಬಿಬಿಟ್ಟಿದ್ದ. ಮೀನೆಲ್ಲ ರೆಕ್ಕೆ ಮುದುರಿಕೊಂಡು ಮೂಲೆ ಸೇರಿದ್ದವು. "ಆಂಟಿ, ನಾವು ಕುಡಿಯೋ ನೀರನ್ನೇ ಹಾಕಿದ್ದು. ಅದಕ್ಕಿಂತ ಶುದ್ಧ ಬೇಕಾ?" ಅಂದ. ಪಾಪ, ಅವನ ಪ್ರಶ್ನೆ ಸರಿಯಾಗೇ ಇತ್ತು. ಆದರೆ ಮೀನಿನ ಮೈಯಲ್ಲಿ ಉಪ್ಪಿನಂಶ ಇರುತ್ತೆ. ಸುತ್ತಲಿನ ನೀರಲ್ಲಿ ಉಪ್ಪು, ಸುಣ್ಣದ ಅಂಶ ಏನೂ ಇಲ್ಲದಿದ್ದರೆ ಮೈಯ ಉಪ್ಪನ್ನ ಉಳಿಸಿಕೊಳ್ಳೋಕೆ ಅದು ಒದ್ದಾಡಬೇಕಾಗುತ್ತೆ. ಇನ್ನೊಂದು ಅಪಾಯ, ಆಮ್ಲ ಹೆಚ್ಚಿದಷ್ಟೂ ಇಳಿಯೋ ಅಂಕಿ, ಅಂದರೆ ಪಿಎಚ್‌ದು. ಮೀನಿನ ಗಲೀಜನ್ನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತೆ. ಅದನ್ನ ತಡೆಯೋದು ನೀರಿನ ಕಾರ್ಬೊನೇಟ್, ಅಂದರೆ ಕೆಎಚ್. ಆರ್‌ಓ ನೀರಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ. ಹಾಗಾಗಿ ಪಿಎಚ್ ಇದ್ದಕ್ಕಿದ್ದಂತೆ ಕುಸಿಯುತ್ತೆ, ಬ್ಯಾಕ್ಟೀರಿಯಾನೂ ಮಂಕಾಗುತ್ತೆ. ಆ ಸುಣ್ಣ, ಆ ಕಾರ್ಬೊನೇಟ್ ನಮ್ಮ ಬೋರ್ ನೀರಲ್ಲಿ ಧಾರಾಳವಾಗಿದೆ. ದುಡ್ಡು ಕೊಟ್ಟು ನೀರಿಗೆ ಹಾಕೋ ಲವಣದ ಪುಡಿ ತರೋ ಬದಲು ಅದನ್ನೇ ಅಳತೆ ಮಾಡಿ ಬೆರೆಸೋದು ನನ್ನ ಪದ್ಧತಿ.

ಬೇಕಾಗೋದು ಎರಡು ಸಾಮಾನು: ಒಂದು ಟಿಡಿಎಸ್ ಮೀಟರ್, ಒಂದು ಕೆಎಚ್–ಜಿಎಚ್ ಹನಿ ಕಿಟ್. ಜಿಎಚ್ ಅಂದರೆ ನೀರಿನ ಒಟ್ಟು ಗಡಸುತನ. ಮೀಟರ್ ಒಂದನ್ನೇ ನಂಬಬೇಡಿ. ನೀರಲ್ಲಿ ಕರಗಿರೋದು ಒಟ್ಟು ಎಷ್ಟು ಅಂತ ಅದು ಹೇಳುತ್ತೆ, ಏನು ಅಂತ ಹೇಳಲ್ಲ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರು ಇದಕ್ಕೆ ಒಳ್ಳೇ ಉದಾಹರಣೆ. ಸುಣ್ಣದ ಜಾಗಕ್ಕೆ ಸೋಡಿಯಂ ಬಂದಿರುತ್ತೆ ಅಷ್ಟೇ, ಮೀಟರ್ ನಂಬರ್ ಇಳಿದಿರಲ್ಲ. ಆ ನೀರನ್ನ ಟ್ಯಾಂಕಿಗೆ ಹಾಕಬೇಡಿ. ಕಬ್ಬು, ಭತ್ತದ ಗದ್ದೆ ಪಕ್ಕದ ಬೋರ್ ಆದರೆ ನೈಟ್ರೇಟ್ ಪಟ್ಟಿಯನ್ನೂ ಒಮ್ಮೆ ಅದ್ದಿ ನೋಡಿ, ಗೊಬ್ಬರದ ಅಂಶ ಇಳಿದಿರಬಹುದು.

ಕೆಎಚ್ ನೋಡೋದು ಕಷ್ಟವೇನಲ್ಲ. ಸಣ್ಣ ಗಾಜಿನ ಕೊಳವೆಗೆ 5 ಮಿ.ಲೀ. ನೀರು ಹಾಕಿ ಹನಿ ಬಿಡ್ತಾ, ಪ್ರತಿ ಹನಿಗೂ ಅಲುಗಾಡಿಸ್ತಾ ಹೋಗಿ. ನನ್ನ ಕಿಟ್ಟಲ್ಲಿ ಮೊದಲು ನೀಲಿ ಬರುತ್ತೆ. ಬಿಳಿ ಕಾಗದದ ಮುಂದೆ ಹಿಡಿದರೆ ಯಾವುದೋ ಒಂದು ಹನಿಗೆ ನೀಲಿ ಹೋಗಿ ಹಳದಿ ತಿರುಗೋದು ಸ್ಪಷ್ಟವಾಗಿ ಕಾಣುತ್ತೆ. ಅಲ್ಲಿವರೆಗೆ ಎಷ್ಟು ಹನಿಯೋ ಕೆಎಚ್ ಅಷ್ಟು ಡಿಗ್ರಿ. ಬೆರೆಸಿದ ಮೇಲೆ ಅಂಕಿ ಸಣ್ಣದಾಗೋದರಿಂದ 10 ಮಿ.ಲೀ. ನೀರು ತಗೊಳ್ಳಿ, ಆಗ ಹನಿಗೆ ಅರ್ಧ ಡಿಗ್ರಿ.

ಈಗ ಲೆಕ್ಕ. ಬೋರ್ ನೀರು ಟಿಡಿಎಸ್ 760, ಆರ್‌ಓ ನೀರು 40, ನಮಗೆ ಬೇಕಿರೋದು 220 ಅಂತಿಟ್ಟುಕೊಳ್ಳಿ. ಬೇಕಾದ್ದರಲ್ಲಿ ಆರ್‌ಓದು ಕಳೆಯಿರಿ: 180. ಬೋರಿನದರಲ್ಲಿ ಆರ್‌ಓದು ಕಳೆಯಿರಿ: 720. ಮೊದಲನೇದನ್ನ ಎರಡನೇದರಿಂದ ಭಾಗಿಸಿದರೆ ಕಾಲು ಭಾಗ. 20 ಲೀಟರಿನಲ್ಲಿ 5 ಲೀಟರ್ ಬೋರ್, 15 ಲೀಟರ್ ಆರ್‌ಓ. ಬೋರಿನ ಕೆಎಚ್ 16 ಇದ್ದರೆ ಬೆರಕೆಯಲ್ಲಿ 4ರ ಆಸುಪಾಸು ನಿಲ್ಲುತ್ತೆ, ಜಿಎಚ್ 20 ಇದ್ದರೆ 5ಕ್ಕೆ ಇಳಿಯುತ್ತೆ. ಏಂಜಲ್‌ಗೂ ಟೆಟ್ರಾಗೂ ಇದು ಚೆನ್ನಾಗಿ ಹೊಂದುತ್ತೆ. ಟಿಡಿಎಸ್ ಸರಿ ಬಂದು ಕೆಎಚ್ 3ಕ್ಕಿಂತ ಕೆಳಗೆ ಹೋದರೆ ನಾನು ಟಿಡಿಎಸ್ ಬಿಟ್ಟು ಕೆಎಚ್ ಹಿಡೀತೀನಿ, ಇನ್ನೊಂದು ಚೊಂಬು ಬೋರ್ ನೀರು ಸೇರಿಸ್ತೀನಿ.

ಆರ್‌ಓ ನೀರು ಅಂದ ಮಾತ್ರಕ್ಕೆ ಎಲ್ಲಾ ಕಡೆ ಒಂದೇ ಇರಲ್ಲ. ಮನೆ ಫಿಲ್ಟರಿನಲ್ಲಿ ರುಚಿಗೆ ಅಂತ ಸ್ವಲ್ಪ ಹಸಿ ನೀರು ಬೆರೆಯೋ ವ್ಯವಸ್ಥೆ ಇರಬಹುದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನನ್ನೂ ಮೀಟರ್ ಅದ್ದದೇ ಬಳಸಬೇಡಿ. ಯುವಿ ಮಾತ್ರ ಇರೋ ಫಿಲ್ಟರ್ ಕ್ರಿಮಿ ಕೊಲ್ಲುತ್ತೆ, ಗಡಸು ತೆಗೆಯಲ್ಲ. ಆರ್‌ಓ ಹೊರಗೆ ಬಿಡೋ ತ್ಯಾಜ್ಯ ನೀರಲ್ಲಿ ಉಪ್ಪು ಇನ್ನೂ ಹೆಚ್ಚಿರುತ್ತೆ, ಅದನ್ನ ನೆಲ ಒರೆಸೋಕೆ ಇಟ್ಟುಕೊಳ್ಳಿ.

ಬೆರೆಸೋದು ಯಾವಾಗಲೂ ಟ್ಯಾಂಕಿನ ಹೊರಗೆ. ಸೋಪು ಮುಟ್ಟದ ಒಂದು ಡ್ರಮ್ ಮೀನಿಗೆ ಅಂತಲೇ ಮೀಸಲಿಡಿ. ಹಿಂದಿನ ರಾತ್ರಿ ಬೆರೆಸಿ ಗಾಳಿ ಕಲ್ಲು (ಪಂಪಿನ ಗಾಳಿಯನ್ನ ಸಣ್ಣ ಗುಳ್ಳೆ ಮಾಡಿ ಬಿಡೋದು) ಓಡಿಸಿ. ಬೋರಿಂದ ಆಗಷ್ಟೇ ಬಂದ ನೀರಲ್ಲಿ ಆಮ್ಲಜನಕ ಕಮ್ಮಿ, ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರಬಹುದು. ಬೆಳಗಾಗೋದರೊಳಗೆ ಸಮ ಆಗುತ್ತೆ. ನಲ್ಲಿ ನೀರು ಸೇರಿದ್ದರೆ ಆಂಟಿ ಕ್ಲೋರಿನ್ ಹನಿಗಳನ್ನ ಬಾಟಲಿ ಮೇಲಿರೋ ಅಳತೆಯಂತೆ ಹಾಕಿ. ಬೆಳಗ್ಗೆ ಇನ್ನೊಮ್ಮೆ ಅಳೆದು, ಡ್ರಮ್ಮಿನ ನೀರೂ ಟ್ಯಾಂಕಿನ ನೀರೂ ಒಂದೇ ಬಿಸಿ ಇದೆಯಾ ಅಂತ ಕೈಯಿಟ್ಟು ನೋಡಿ, ಆಮೇಲೆ ನಿಧಾನಕ್ಕೆ ಸುರಿಯಿರಿ. ನಮ್ಮ ಮೂರಡಿ ಟ್ಯಾಂಕಿಗೆ ಹತ್ತಿರ ಹತ್ತಿರ 100 ಲೀಟರ್ ಹಿಡಿಯುತ್ತೆ, ವಾರಕ್ಕೊಂದು ಕ್ಯಾನ್ ಬದಲಾಯಿಸಿದರೆ ಐದನೇ ಒಂದು ಭಾಗ ಹೊಸದಾಗುತ್ತೆ.

ಇಷ್ಟು ದಿನ ಪೂರ್ತಿ ಗಡಸು ನೀರಲ್ಲಿದ್ದ ಮೀನನ್ನ ಒಂದೇ ದಿನ ಮೆದು ನೀರಿಗೆ ತರೋದು ತಪ್ಪು. ವಾರವಾರ ಇದೇ ಐದನೇ ಒಂದು ಭಾಗ ಬದಲಾಯಿಸ್ತಾ ಹೋದರೆ ತಾನಾಗೇ ಇಳಿಯುತ್ತೆ. ಪಿಎಚ್ ಇಳಿಸೋ ದ್ರಾವಣ ಸುರಿಯೋದು ನನಗೆ ಒಪ್ಪಿಗೆಯಿಲ್ಲ. ಕೆಎಚ್ ಜೋರಾಗಿರೋ ನೀರಲ್ಲಿ ಪಿಎಚ್ ಇವತ್ತು ಇಳಿದು ನಾಳೆ ಮತ್ತೆ ಏರುತ್ತೆ, ಆ ಏರಿಳಿತ ಮೀನಿಗೆ ಗಡಸು ನೀರಿಗಿಂತ ಕೆಟ್ಟದ್ದು. ಕಾಡುಬಾದಾಮಿ ಎಲೆ ಹಾಕಿ, ತೊಂದರೆಯಿಲ್ಲ. ನೀರಿಗೆ ಬಣ್ಣ ಬರುತ್ತೆ, ಸುಣ್ಣ ಮಾತ್ರ ಇದ್ದ ಹಾಗೇ ಇರುತ್ತೆ.

ಬೇಸಿಗೆಯಲ್ಲಿ ಆವಿಯಾಗಿ ಎರಡು ಬೆರಳು ನೀರು ಇಳಿದಾಗ ಬೆರಕೆ ನೀರು ತುಂಬಬೇಡಿ. ಆವಿಯಾಗೋದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತೆ. ಅದರ ಮೇಲೆ ಮತ್ತೆ ಬೋರ್ ನೀರು ಸೇರಿದರೆ ತಿಂಗಳು ತಿಂಗಳಿಗೂ ಗಡಸು ಏರ್ತಾ ಹೋಗುತ್ತೆ. ಆವಿಯಾದಷ್ಟಕ್ಕೆ ಬರೀ ಆರ್‌ಓ ನೀರು ಹಾಕಿ. ಬೆರಕೆ ನೀರು ಬೇಕಾಗೋದು ಹಳೇ ನೀರನ್ನ ಹೊರಗೆ ತೆಗೆದ ದಿನ ಮಾತ್ರ.